ಅವರು ಹಾಕ್ಕೊಳ್ಳಲ್ಲ ಅಂತೀರಲ್ಲ, ನೀವೊಮ್ಮೆ ಹಾಕ್ಕೊಂಡು ನೋಡಿ

ನಮ್ಮ ಅಪಾರ್ಟ್‌ಮೆಂಟಿನ ಕಮಿಟಿ ಮೀಟಿಂಗಿನಲ್ಲಿ ವರ್ಷಕ್ಕೊಮ್ಮೆ ತಪ್ಪದೇ ಕೇಳೋ ಮಾತೊಂದಿದೆ: "ಸೇಫ್ಟಿ ಬೆಲ್ಟ್ ಕೊಟ್ರೂ ಅವರು ಹಾಕ್ಕೊಳ್ಳಲ್ಲ ಸಾರ್." ಅವರು ಅಂದ್ರೆ, ಮಳೆಗಾಲಕ್ಕೆ ಮುಂಚೆ ಗೇಟಿನ ಪಕ್ಕದ ಮಳೆಮರದ ಒಣಕೊಂಬೆ ಇಳಿಸೋಕೆ ಬರುವವರು. ಈ ಮಾತು ಹೇಳೋರೆಲ್ಲ ವಾರಕ್ಕೆ ಐದು ದಿನ ಕೂರೋದು ಸೊಂಟಕ್ಕೆ ಆಸರೆ ಇರೋ, ಕೈ ಇಡೋ ಜಾಗವನ್ನೂ ಮೇಲೆ ಕೆಳಗೆ ಮಾಡಬಹುದಾದ ಕುರ್ಚಿಯಲ್ಲಿ. ನಾನೂ ಅಂಥದ್ದರಲ್ಲೇ ಕೂತು ಇದನ್ನ ಬರೀತಿದೀನಿ. ಇದನ್ನ ಕೊಳ್ಳೋ ಮುಂಚೆ ಮೂರು ವಾರ ರಿವ್ಯೂ ಓದಿದ್ದೆ. ಎರಡು ಅಂಗಡಿಗೆ ಹೋಗಿ ಕೂತು, ಹಿಂದಕ್ಕೆ ವಾಲಿ ನೋಡಿದ್ದೆ.

ಹೋದ ವರ್ಷ ಮರ ಹತ್ತೋ ಅಣ್ಣನಿಗೆ ಬೆಲ್ಟ್ ಆರ್ಡರ್ ಮಾಡಿದವನೂ ನಾನೇ. ಅದಕ್ಕೆ ಹಿಡಿದದ್ದು ನಾಲ್ಕು ನಿಮಿಷ. ಕಟ್ಟಡದ ಕೆಲಸದವರು ಹಾಕ್ಕೊಳ್ಳೋ, ಬೆನ್ನಿನ ಮೇಲೆ ಕಬ್ಬಿಣದ ಬಳೆ ಇರೋ ಹಳದಿ ಹಾರ್ನೆಸ್. "ಎಲ್ಲರಿಗೂ ಒಂದೇ ಅಳತೆ" ಅಂತ ಬರೆದಿತ್ತು, ನನಗೂ ಅದೇ ಬೇಕಿತ್ತು. ಅಣ್ಣ ಹಾಕ್ಕೊಂಡು ಹತ್ತಿದರು. ಅರ್ಧ ಗಂಟೆಗೆ ಇಳಿದು ಬಂದರು, ಬಿಚ್ಚಿದರು, ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟರು. "ಇದು ಬೀಳೋರಿಗೆ ಮಾಡಿದ್ದು ಸಾರ್. ನಾನು ಮೇಲೆ ಕೂತು ಕೆಲಸ ಮಾಡ್ಬೇಕು." ಆಮೇಲೆ ತಮ್ಮದೇ ನೈಲಾನ್ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಮತ್ತೆ ಹತ್ತಿದರು. ನಾನು ಮಾಡಿದ್ದೇನು ಗೊತ್ತಾ? ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ಕೊಟ್ಟೆವು, ಹಾಕ್ಕೊಳ್ಳಲಿಲ್ಲ." ಹದಿನಾಲ್ಕು ಜನ ಹೆಬ್ಬೆರಳು ಎತ್ತಿದರು.

ಅವರು ಹೇಳಿದ್ದು ಅಕ್ಷರಶಃ ಸತ್ಯ ಅಂತ ತಿಳಿಯೋಕೆ ನನಗೆ ಆರು ತಿಂಗಳು ಬೇಕಾಯ್ತು. ಬೆನ್ನಿನ ಬಳೆಯ ಹಾರ್ನೆಸ್ ಇರೋದು ಬಿದ್ದವನನ್ನ ಹಿಡಿಯೋಕೆ. ಹಿಡಿದ ಮೇಲೆ ಆತ ಅದರಲ್ಲೇ ನೇತಾಡ್ತಾ ಇದ್ದರೆ ತೊಡೆಯ ಪಟ್ಟಿ ಬಿಗಿದು ಕಾಲಿನ ರಕ್ತ ಮೇಲಕ್ಕೆ ಬರೋದು ಕಷ್ಟವಾಗುತ್ತೆ, ಬೇಗ ಇಳಿಸದಿದ್ದರೆ ಪ್ರಾಣಕ್ಕೇ ಅಪಾಯ. ಮರದ ಮೇಲೆ ಕೆಲಸ ಮಾಡೋಕೆ ಬೇರೆಯದೇ ವಸ್ತು ಇದೆ, ಅದನ್ನ ಸ್ಯಾಡಲ್ ಅಂತಾರೆ. ಸೊಂಟದ ಹಿಂಭಾಗಕ್ಕೆ ಅಗಲವಾದ ಮೆತ್ತೆ, ಎರಡೂ ತೊಡೆಗೆ ಬೇರೆ ಬೇರೆ ಪಟ್ಟಿ, ಪಕ್ಕಗಳಲ್ಲಿ ಕಾಂಡದ ಸುತ್ತ ಹಾಕೋ ಹಗ್ಗಕ್ಕೆ ಬಳೆ. ಮುಖ್ಯವಾದದ್ದು ಮುಂದುಗಡೆ: ಸೊಂಟದ ಎಡದಿಂದ ಬಲಕ್ಕೆ ಒಂದು ಗಿಡ್ಡ ಹಗ್ಗದ ಸೇತುವೆ, ಅದರ ಮೇಲೆ ಜಾರೋ ಉಂಗುರ. ಮೇಲಿನ ಹಗ್ಗ ಬಂದು ಸೇರೋದು ಈ ಉಂಗುರಕ್ಕೆ. ಕೊಂಬೆ ಕಡೆ ವಾಲಿದರೆ ಉಂಗುರ ಜಾರುತ್ತೆ, ಸೊಂಟ ತಿರುಚಲ್ಲ, ಎರಡೂ ಕೈ ಕೆಲಸಕ್ಕೆ ಖಾಲಿ. ಲೇಬಲ್ಲಿನಲ್ಲೇ ಗೊತ್ತಾಗುತ್ತೆ ಮಾರಾಯ್ರೆ. ಯುರೋಪಿನ ಮಾನದಂಡದಲ್ಲಿ ಕೂರೋ ಹಾರ್ನೆಸ್‌ಗೆ ಇಎನ್ 813, ನಿಂತು ವಾಲಿ ಕೆಲಸ ಮಾಡೋದಕ್ಕೆ ಇಎನ್ 358. ನಾನು ಕೊಂಡಿದ್ದರ ಮೇಲೆ ಇದ್ದದ್ದು 361, ಅಂದ್ರೆ ಬೀಳೋದಕ್ಕೆ.

ರಾಮನಗರದ ಬಂಡೆ ಹತ್ತೋಕೆ ಹೋಗೋ ಹುಡುಗರು ಕೂಡಲೇ ಕೇಳ್ತಾರೆ, "ನಮ್ಮ ಹಾರ್ನೆಸ್ ಆಗಲ್ವಾ?" ಹಗುರ, ನೋಡೋಕೂ ಚಂದ. ಆದರೆ ಅದರಲ್ಲಿ ನೀವು ನೇತಾಡೋದು ನಿಮಿಷಗಳ ಲೆಕ್ಕದಲ್ಲಿ. ಕೊಂಬೆ ಇಳಿಸೋರು ನೇತಾಡೋದು ಗಂಟೆಗಟ್ಟಲೆ, ಸೊಂಟದಲ್ಲಿ ಮಚ್ಚು, ಗರಗಸ ತೂಗಿಸಿಕೊಂಡು.

ಹಾಯಾಗಿ ಕೂರೋದು ಐಷಾರಾಮ, ಸೇಫ್ಟಿ ಅಗತ್ಯ ಅಂತ ನಾವು ಎರಡು ಡಬ್ಬಿ ಮಾಡಿಟ್ಟಿದ್ದೀವಿ. ಮರದ ಮೇಲೆ ಆ ಎರಡು ಡಬ್ಬಿ ಇಲ್ಲ. ತೊಡೆ ಕೊಯ್ಯುತ್ತಿದ್ದರೆ ಮನುಷ್ಯ ಭಾರವನ್ನ ಕೊಂಬೆ ಮೇಲೆ ಹಾಕ್ತಾನೆ, ಹಗ್ಗ ಸಡಿಲವಾಗುತ್ತೆ, ಕಾಲು ಜಾರಿದರೆ ಆ ಸಡಿಲದಷ್ಟೂ ಬೀಳ್ತಾನೆ. ಸ್ಯಾಡಲ್ ಕೆಲಸ ಮಾಡೋದು ಮೇಲಿನ ಹಗ್ಗ ಸದಾ ಬಿಗಿಯಾಗಿದ್ದರೆ ಮಾತ್ರ. ಹಗ್ಗ ಬಿಗಿಯಾಗಿರೋದು ಅವನು ಅದರಲ್ಲಿ ನೆಮ್ಮದಿಯಾಗಿ ಕೂತಿದ್ದರೆ ಮಾತ್ರ.

ನನ್ನ ಅಜ್ಜನ ಮನೆ ಶಿರಸಿ ಕಡೆ. ಅಡಿಕೆ ಕೊಯ್ಲಿಗೆ ಬರ್ತಿದ್ದ ಕೊನೆಗೌಡರ ಹತ್ತಿರ ಕೂರೋಕೆ ಒಂದು ಪುಟ್ಟ ಮಣೆ ಇತ್ತು, ಹಗ್ಗ ಕಟ್ಟಿದ್ದು. ಅವರೇ ಕೆತ್ತಿ, ತಮ್ಮ ಮೈಗೆ ಒಗ್ಗಿಸಿಕೊಂಡದ್ದು. ಅದನ್ನ ಮುಟ್ಟಿದರೆ ಬೈಯೋರು. ಈಗ ಯೋಚಿಸಿದರೆ, ನಾನು ಕಂಡ ಮೊದಲ ಸ್ಯಾಡಲ್ ಅದೇ. ಆ ಮಣೆಯನ್ನ ಅಜ್ಜ ತಂದುಕೊಟ್ಟಿರಲಿಲ್ಲ ಅನ್ನೋದನ್ನ ಗಮನಿಸಿ.

ಹಾಗಾಗಿ ಆರಿಸಬೇಕಾದೋರು ಹತ್ತೋರೇ, ನಾವು ದುಡ್ಡು ಕೊಡಬೇಕು ಅಷ್ಟೇ. ಇಂಗ್ಲೆಂಡಿನಲ್ಲಿ ಮರ ಆರೈಕೆಯ ಕೆಲಸ ಮಾಡೋ ಗೆಳೆಯನೊಬ್ಬ ರಜೆಗೆ ಬಂದಾಗ ತನ್ನ ಸ್ಯಾಡಲ್ ತಂದಿದ್ದ. ಕೆಳಗಿನ ಕೊಂಬೆಗೆ ಹಗ್ಗ ಹಾಕಿ, ನೆಲದಿಂದ ಒಂದಡಿ ಮೇಲೆ, ಅಣ್ಣ ಅದರಲ್ಲಿ ಅರ್ಧ ಗಂಟೆ ಕೂತರು. ಸೊಂಟದಲ್ಲಿ ಮಚ್ಚೂ ಇತ್ತು. ಮೊದಲ ಐದು ನಿಮಿಷ ಎಲ್ಲವೂ ಹಿತ, ಇಪ್ಪತ್ತನೇ ನಿಮಿಷಕ್ಕೆ ನಿಜ ಗೊತ್ತಾಗುತ್ತೆ ಅಂದ ಗೆಳೆಯ. ಹಾಗೇ ಆಯ್ತು. ಗೆಳೆಯನದು ದಪ್ಪ ಮೈ, ಅಣ್ಣನದು ಸಣಕಲು. ಸೊಂಟದ ಪಟ್ಟಿಯನ್ನ ಕೊನೇವರೆಗೆ ಎಳೆದರೂ ಅದು ಪಕ್ಕೆಲುಬಿನ ಕಡೆ ಏರಿತು. ಅದು ಕೂರಬೇಕಾದದ್ದು ಸೊಂಟದ ಮೂಳೆಯ ಸ್ವಲ್ಪ ಮೇಲೆ. ತೊಡೆಪಟ್ಟಿ ಮಾತ್ರ ನೇತಾಡ್ತಾನೇ ಒಂದೇ ಕೈಲಿ ಸಡಿಲಿಸೋಕೆ ಬಂತು. "ಇದು ಬೇಕು ಸಾರ್, ಆದ್ರೆ ಚಿಕ್ಕ ಸೈಜು." ನನ್ನ ಮೂರು ವಾರದ ರಿವ್ಯೂಗಿಂತ ಸ್ಪಷ್ಟವಾದ ರಿವ್ಯೂ.

ಬೆಲೆ? ಪೆಟ್ಜಲ್, ಟಾಯ್‌ಫೆಲ್‌ಬರ್ಗರ್ ಥರದ ಕಂಪನಿಗಳದ್ದು ಕೆಲವು ನೂರು ಡಾಲರ್. ಇಲ್ಲಿಗೆ ತರಿಸಿದರೆ ಒಂದು ಒಳ್ಳೆ ಫೋನಿನ ದುಡ್ಡು. ಫೋನು ಮೂರು ವರ್ಷಕ್ಕೆ ಬದಲಾಯಿಸ್ತೀವಿ. ಇದು ಕತ್ತಿ ತಗುಲದೆ, ಹೊಲಿಗೆ ಬಿಡದೆ, ಬಿಸಿಲಲ್ಲಿ ಕೊಳೆಯದೆ ಚೆನ್ನಾಗಿದ್ದರೆ ಅದಕ್ಕಿಂತ ಹೆಚ್ಚು ಬಾಳುತ್ತೆ. (ತೆಂಗಿನ ಮಾತು ಬೇರೆ. ಅಲ್ಲಿ ಮೇಲೆ ಹಗ್ಗ ಹಾಕೋಕೆ ಕೊಂಬೆಯೇ ಇಲ್ಲ. ಅದಕ್ಕೆ ಹತ್ತೋ ಯಂತ್ರ ಇದೆ, ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತರಬೇತಿ ಕೊಡ್ತಿದೆ.)

ಕಮಿಟಿಯಲ್ಲಿ ಈಗಲೇ ಒಬ್ಬರು ಕೇಳಿದ್ದಾರೆ, "ದೊಡ್ಡ ಸೈಜು ಒಂದು ತಂದಿಟ್ಟರೆ ಯಾರು ಬಂದ್ರೂ ಹಾಕ್ಕೋಬಹುದಲ್ವಾ?" ಅವರು ಮ್ಯಾರಥಾನ್ ಓಡೋರು. ನಿಮ್ಮ ಶೂ ಯಾವ ಸೈಜು ಸಾರ್ ಅಂತ ಕೇಳಿದೆ, ಉತ್ತರ ಬಂದಿಲ್ಲ.

ಈ ಭಾನುವಾರ ಹನ್ನೊಂದಕ್ಕೆ ಮೀಟಿಂಗ್, ನಾಲ್ಕನೇ ವಿಷಯ ಇದು. ಆ ಹಳದಿ ಹಾರ್ನೆಸ್ಸನ್ನ ಕ್ಲಬ್‌ಹೌಸಿನ ತೊಲೆಗೆ ಕಟ್ಟಿರ್ತೀನಿ. "ಅವರು ಹಾಕ್ಕೊಳ್ಳಲ್ಲ" ಅನ್ನೋರು ಅದರಲ್ಲಿ ಎರಡೇ ನಿಮಿಷ ನೇತಾಡಿ, ಆಮೇಲೆ ಮಾತಾಡಲಿ. ಕಾಲಡಿಗೆ ಸ್ಟೂಲ್ ಇಡ್ತೀನಿ, ಹೆದರಬೇಡಿ.