ಬಿತ್ತುವ ಮೊದಲೇ ಮಾತು ಕೊಡೋಣ



ಉಡುಪಿಯ ಪರ್ಯಾಯದ ಕ್ರಮ ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಿಂದಲೂ ಗೊತ್ತು. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಶ್ರೀಕೃಷ್ಣನ ಪೂಜಾಧಿಕಾರ ಒಂದು ಮಠದಿಂದ ಮತ್ತೊಂದು ಮಠಕ್ಕೆ ಹೋಗುತ್ತದೆ. ಆದರೆ ಸರದಿಯ ಮಠದ ಸಿದ್ಧತೆ ಸುಮಾರು ಒಂದು ವರ್ಷ ಮೊದಲೇ ಶುರುವಾಗಿರುತ್ತದೆ. ಮೊದಲು ಬಾಳೆ ಮುಹೂರ್ತ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಸಾವಿರಾರು ಮಂದಿಗೆ ಎಲೆ ಹಾಕಬೇಕಾದರೆ ಬಾಳೆಯನ್ನು ಮೊದಲೇ ನೆಟ್ಟಿರಬೇಕು ಎಂಬ ಅಡುಗೆಮನೆಯ ಲೆಕ್ಕವನ್ನು ಹಿರಿಯರು ಶಾಸ್ತ್ರದಂತೆಯೇ ನಡೆಸಿಕೊಂಡು ಬಂದರು. ಊರೂರಿನಿಂದ ಬರುವ ಹೊರೆಕಾಣಿಕೆಯೂ ಇದೇ ವ್ಯವಸ್ಥೆಯ ಭಾಗ.

ಆ ಊರಿನಿಂದ ಬಂದು ವಿಜಯವಾಡ, ವಿಶಾಖಪಟ್ಟಣಗಳಲ್ಲಿ ಹೋಟೆಲು, ಕೇಟರಿಂಗ್ ನಡೆಸುತ್ತಿರುವ ನಾವು ಮಾತ್ರ ಈ ಲೆಕ್ಕವನ್ನು ಮರೆತಿದ್ದೇವೆ. ಬೆಳಗಿನ ಜಾವ ಮಂಡಿಗೆ ಆಳು ಕಳುಹಿಸುವುದು, ಆ ದಿನದ ದರಕ್ಕೆ ಸಿಕ್ಕಿದ್ದನ್ನು ತರುವುದು, ದರ ಏರಿದರೆ ಸಾಂಬಾರನ್ನು ತೆಳು ಮಾಡುವುದು, ಇದೇ ನಮ್ಮ ಖರೀದಿ ನೀತಿ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ನಾವು ಪಟ್ಟ ಪಾಡು ಯಾರೂ ಮರೆತಿಲ್ಲ. ಅದೇ ಟೊಮೆಟೊವನ್ನು ಕೊಳ್ಳುವವರಿಲ್ಲದೆ ರೈತರು ರಸ್ತೆಗೆ ಸುರಿಯುವ ಚಿತ್ರವನ್ನೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ಎರಡಕ್ಕೂ ಕಾರಣ ಒಂದೇ. ಬೆಳೆಯುವವನಿಗೆ ಎಷ್ಟು ಬೇಕಾದೀತು ಎಂದು ಗೊತ್ತಿಲ್ಲ, ಕೊಳ್ಳುವವನಿಗೆ ಎಷ್ಟು ಬಂದೀತು ಎಂದು ಗೊತ್ತಿಲ್ಲ.

ಸ್ಥಳೀಯ ರೈತರಿಗೆ ನಾವು ಮಾಡಬಹುದಾದ ದೊಡ್ಡ ಸಹಾಯ ದೇಣಿಗೆಯಲ್ಲ, ಸನ್ಮಾನ ಸಮಾರಂಭವೂ ಅಲ್ಲ. ಏನು ಬೇಕು, ಎಷ್ಟು ಬೇಕು, ಯಾವ ಗುಣಮಟ್ಟದ್ದು ಬೇಕು ಎಂದು ಬಿತ್ತುವ ಮೊದಲೇ ಹೇಳಬೇಕು. ಬೆಳೆ ಬಂದಾಗ ಹೇಳಿದಂತೆ ಕೊಳ್ಳಬೇಕು, ವಾರದೊಳಗೆ ಹಣ ಕೊಡಬೇಕು. ಇದರಿಂದ ರೈತರಿಗೆ ಎಷ್ಟು ಲಾಭವೋ ನಮಗೂ ಅಷ್ಟೇ ಲಾಭ ಎಂಬುದು ನನ್ನ ಅಭಿಪ್ರಾಯ.

ಇಡ್ಲಿಯ ಉದ್ದು

ಉದ್ದಿಲ್ಲದೆ ನಮ್ಮ ಹೋಟೆಲಿನ ಬಾಗಿಲು ತೆರೆಯುವುದಿಲ್ಲ. ವಿಜಯವಾಡದ ಸದಸ್ಯರ ಅದೃಷ್ಟವೆಂದರೆ ಒಳ್ಳೆಯ ಉದ್ದು ಬೆಳೆಯುವ ನೆಲ ಊರ ಪಕ್ಕದಲ್ಲೇ ಇದೆ. ಕೃಷ್ಣಾ ನದೀಮುಖಜ ಭೂಮಿಯ ರೈತರದ್ದು ವಿಶೇಷ ಪದ್ಧತಿ. ನವೆಂಬರ್, ಡಿಸೆಂಬರ್ ವೇಳೆಗೆ ಭತ್ತದ ಕೊಯ್ಲಿಗೆ ಎರಡು ಮೂರು ದಿನ ಇರುವಾಗ, ನಿಂತ ಪೈರಿನ ನಡುವೆಯೇ ಹಸಿ ಮಣ್ಣಿಗೆ ಉದ್ದಿನ ಬೀಜ ಎರಚುತ್ತಾರೆ. ಉಳುಮೆಯಿಲ್ಲ, ಬೇರೆ ನೀರಾವರಿಯಿಲ್ಲ. ಗದ್ದೆಯಲ್ಲಿ ಉಳಿದ ತೇವದಲ್ಲೇ ಬೆಳೆದು ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಆ ಉದ್ದು ತೆನಾಲಿ ಕಡೆಯ ಮಿಲ್ಲುಗಳಲ್ಲಿ ಸಿಪ್ಪೆ ಬಿಡಿಸಿಕೊಂಡು ಗುಂಡು ಉದ್ದಿನಬೇಳೆಯಾಗಿ ನಮ್ಮ ಗ್ರೈಂಡರಿಗೆ ಬರುತ್ತದೆ.

ಈ ಬೆಳೆ ಈಗ ಹಿಂದೆ ಸರಿಯುತ್ತಿದೆ. ಬಿಳಿನೊಣದಿಂದ ಹರಡುವ ಹಳದಿ ನಂಜು ರೋಗ ಒಂದು ಕಡೆ, ಗಿಡಕ್ಕೆ ಸುತ್ತಿ ರಸ ಹೀರುವ ಬಂಗಾರದ ಬಳ್ಳಿ ಇನ್ನೊಂದು ಕಡೆ. ಕೂಲಿಯಾಳು ಸಿಗದೆ ಭತ್ತದ ಕೊಯ್ಲಿಗೆ ಯಂತ್ರ ಬಂದ ಮೇಲೆ, ಯಂತ್ರದ ಚಕ್ರದಡಿ ಉದ್ದಿನ ಮೊಳಕೆ ನಲುಗುತ್ತದೆ. ಹಿಂಗಾರಿನ ಚಂಡಮಾರುತದ ಕಾಟವಂತೂ ಇದ್ದದ್ದೇ. 2023ರ ಡಿಸೆಂಬರ್ 5ರಂದು ಮಿಚಾಂಗ್ ಚಂಡಮಾರುತ ಬಾಪಟ್ಲ ಬಳಿ ದಡಕ್ಕೆ ಅಪ್ಪಳಿಸಿದ್ದು ಸರಿಯಾಗಿ ಈ ಹೊತ್ತಿನಲ್ಲೇ. ಹೀಗಾಗಿ ಅನೇಕರು ಉದ್ದು ಬಿಟ್ಟು ಜೋಳದ, ಅಂದರೆ ಮೆಕ್ಕೆಜೋಳದ ಕಡೆ ತಿರುಗಿದ್ದಾರೆ. ಇಲ್ಲಿ ಕೊರತೆಯಾದಷ್ಟೂ ನಾವು ಬರ್ಮಾ ಉದ್ದನ್ನು ಕಾಯಬೇಕು. ಅದರ ದರ ಹಡಗಿನ ಮೇಲೆ, ಡಾಲರಿನ ಮೇಲೆ ನಿಂತಿರುತ್ತದೆ.

ಈಗ ಒಂದು ಸಣ್ಣ ಲೆಕ್ಕ. ದಿನಕ್ಕೆ 20 ಕಿಲೋ ಉದ್ದು ರುಬ್ಬುವ ಹೋಟೆಲಿಗೆ ತಿಂಗಳಿಗೆ 600 ಕಿಲೋ ಬೇಕು. ಅಂಥ ಹತ್ತು ಹೋಟೆಲು ಸೇರಿದರೆ ವರ್ಷಕ್ಕೆ 72 ಟನ್. ಸಿಪ್ಪೆ, ನುಚ್ಚು ಕಳೆದು ನೂರಕ್ಕೆ ಎಪ್ಪತ್ತು ಬೇಳೆ ಸಿಗುತ್ತದೆ ಎಂದು ಇಟ್ಟುಕೊಂಡರೂ ಸುಮಾರು 100 ಟನ್ ಕಾಳು ಬೇಕು. ಎಕರೆಗೆ 5 ಕ್ವಿಂಟಲ್ ಎಂದು ಹಿಡಿದರೆ 200 ಎಕರೆ ಗದ್ದೆ. ಅಂದರೆ ಹತ್ತು ಹೋಟೆಲಿನವರು ಒಂದಾಗಿ ಅಕ್ಟೋಬರಿನಲ್ಲೇ ಮಾತು ಕೊಟ್ಟರೆ ಒಂದೆರಡು ಊರಿನ ರೈತರು ಧೈರ್ಯದಿಂದ ಉದ್ದು ಎರಚಬಹುದು. ಸರ್ಕಾರ 2025-26ಕ್ಕೆ ಗೊತ್ತುಮಾಡಿದ ಉದ್ದಿನ ಬೆಂಬಲ ಬೆಲೆ ಕ್ವಿಂಟಲಿಗೆ 7,800 ರೂಪಾಯಿ. ಅದಕ್ಕಿಂತ ಕಡಿಮೆಗೆ ಇಳಿಸುವುದಿಲ್ಲ, ಮಾರುಕಟ್ಟೆ ಏರಿದರೆ ಆ ವಾರದ ಸರಾಸರಿ ದರ ಕೊಡುತ್ತೇವೆ ಎಂದು ಒಪ್ಪಂದ ಮಾಡಿಕೊಂಡರೆ ಇಬ್ಬರಿಗೂ ಮೋಸವಿಲ್ಲ.

ತರಬೇತಿಯ ಮಾತೂ ಇಲ್ಲೇ ಬರುತ್ತದೆ. ಗುಂಟೂರಿನ ಲಾಮ್‌ನಲ್ಲಿ, ಕೃಷ್ಣಾ ಜಿಲ್ಲೆಯ ಘಂಟಸಾಲದಲ್ಲಿ ಉದ್ದಿನ ತಳಿಗಳ ಸಂಶೋಧನೆ ನಡೆಯುತ್ತದೆ. ರೋಗ ತಡೆಯುವ ತಳಿ ಯಾವುದು ಎಂದು ಅವರು ಹೇಳಬಲ್ಲರು. ಆದರೆ ಯಾವ ಉದ್ದು ಎಷ್ಟು ಒದಗುತ್ತದೆ, ಹಿಟ್ಟು ರಾತ್ರಿಯಿಡೀ ಹೇಗೆ ಏರುತ್ತದೆ, ವಡೆ ಎಷ್ಟು ಎಣ್ಣೆ ಕುಡಿಯುತ್ತದೆ ಎಂಬುದು ನಮ್ಮ ಭಟ್ಟರಿಗೇ ಹೆಚ್ಚು ಗೊತ್ತು. ಈ ಅನುಭವ ಇದುವರೆಗೂ ಗದ್ದೆಗೆ ತಲುಪಿಲ್ಲ. ನಾಲ್ಕು ತಳಿಯ ಉದ್ದನ್ನು ಬೇರೆ ಬೇರೆ ರುಬ್ಬಿ, ಹಿಟ್ಟನ್ನು ಅಳೆದು, ಆ ಲೆಕ್ಕವನ್ನು ವಿಜ್ಞಾನಿಗಳಿಗೂ ರೈತರಿಗೂ ಕೊಡಲು ನಮಗೆ ಆಗುವ ಖರ್ಚು ಏನು?

ಹಳದಿ ಬೆಲ್ಲದ ಹಿಂದೆ ಯಾರು?

ವಿಶಾಖಪಟ್ಟಣದ ಸದಸ್ಯರಿಗೆ ಅನಕಾಪಲ್ಲಿ ಹತ್ತಿರ. ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಅದೂ ಒಂದು. ಸಾಂಬಾರು, ಹೋಳಿಗೆ, ಪಾಯಸ, ಎಲ್ಲಕ್ಕೂ ಅಲ್ಲಿಯ ಬೆಲ್ಲವೇ. ಆದರೆ ಅಂಗಡಿಗೆ ಹೋದಾಗ ನಾವು ಮೊದಲು ನೋಡುವುದೇನು? ಬಣ್ಣ. ಹಳದಿಯಾಗಿ ಹೊಳೆಯುವ ಅಚ್ಚಿಗೆ ಹೆಚ್ಚು ದರ, ಕಂದು ಬೆಲ್ಲಕ್ಕೆ ಕಡಿಮೆ ದರ. ಹೀಗಾಗಿ ಆಲೆಮನೆಯವರು ಕೊಪ್ಪರಿಗೆಗೆ ಹೈಡ್ರೋಸ್ ಹಾಕುತ್ತಾರೆ. ನಮ್ಮ ಮಂಡ್ಯದಲ್ಲೂ ಇದೇ ಕಥೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದು ಎಂಬ ಆಹಾರ ಸುರಕ್ಷತಾ ನಿಯಮವಿದೆ. ಆದರೂ ರೈತನನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬಣ್ಣಕ್ಕೆ ಬೆಲೆ ಕಟ್ಟಿದವರಲ್ಲಿ ನಾವೂ ಇದ್ದೇವೆ.

ಬೆಂಡೆ ಗಿಡದ ಲೋಳೆ ಹಾಕಿ ಹಾಲು ತಿಳಿಗೊಳಿಸುವ ಹಳೆಯ ಕ್ರಮ ಎಲ್ಲರಿಗೂ ಗೊತ್ತು. ಅನಕಾಪಲ್ಲಿಯ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ ಕಬ್ಬು, ಬೆಲ್ಲ ಎರಡರ ಮೇಲೂ ಕೆಲಸ ಮಾಡುತ್ತ ಬಂದಿದೆ. ತರಬೇತಿ ಕೊಡುವವರಿದ್ದಾರೆ, ಕಲಿಯುವವರೂ ಇದ್ದಾರೆ. ಇಲ್ಲದಿರುವುದು ಕಂದು ಬೆಲ್ಲವನ್ನು ಒಳ್ಳೆಯ ದರಕ್ಕೆ ಕೊಳ್ಳುವವರು. ಸಾಂಬಾರಿಗೆ ಹಾಕಿದ ಬೆಲ್ಲದ ಬಣ್ಣವನ್ನು ಯಾವ ಗಿರಾಕಿಯೂ ಕೇಳುವುದಿಲ್ಲ. ಡಿಸೆಂಬರಿನಲ್ಲಿ ಗಾಣ ಶುರುವಾಗುವ ಮೊದಲೇ ನಮ್ಮ ಸಂಘ ವರ್ಷದ ಬೆಲ್ಲಕ್ಕೆ ಬೇಡಿಕೆ ಪಟ್ಟಿ ಕೊಟ್ಟರೆ ಹೈಡ್ರೋಸ್ ಇಲ್ಲದ ಬೆಲ್ಲಕ್ಕೆ ಒಂದು ನೆಲೆ ಸಿಕ್ಕೀತು.

ಅರಕು ಕಾಫಿ, ಮಲೆನಾಡಿನ ಅನುಭವ

ನಮ್ಮ ಡಿಕಾಕ್ಷನ್ ಚಿಕ್ಕಮಗಳೂರಿನದು ಎಂಬ ಹೆಮ್ಮೆ ನಮಗಿದೆ, ಇರಲಿ. ಆದರೆ ವಿಶಾಖಪಟ್ಟಣದಿಂದ ಘಾಟಿ ಹತ್ತಿದರೆ ಅರಕು, ಪಾಡೇರು ಕಡೆ ಗಿರಿಜನ ಕುಟುಂಬಗಳು ಮರದ ನೆರಳಿನಲ್ಲಿ ಅರೇಬಿಕಾ ಬೆಳೆಯುತ್ತಿವೆ, ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿವೆ. ಅರಕು ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 1956ರಲ್ಲಿ ಆರಂಭವಾದ ಗಿರಿಜನ ಸಹಕಾರ ಸಂಸ್ಥೆಯ ಕೇಂದ್ರ ಕಚೇರಿ ವಿಶಾಖಪಟ್ಟಣದಲ್ಲೇ ಇದೆ. ಪ್ಯಾರಿಸ್‌ನವರು ಕುಡಿಯುವ ಕಾಫಿಯನ್ನು ಅದರ ಕಾಲ ಬುಡದಲ್ಲಿರುವ ನಾವು ಬಳಸದಿರುವುದು ವಿಚಿತ್ರ. ಚಿಕ್ಕಮಗಳೂರನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಾಲು ಭಾಗ ಅರಕು ಬೀಜ ಸೇರಿಸಿ ನೋಡಿ, ಪೊಂಗಲಿನ ಮೆಣಸನ್ನು ಅಲ್ಲಿಂದ ತರಿಸಿ ನೋಡಿ ಎನ್ನುತ್ತೇನೆ.

ಇಲ್ಲಿ ನಮ್ಮಿಂದ ಮಾತ್ರ ಆಗುವ ಒಂದು ಸಹಾಯವೂ ಇದೆ. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತ ಅಲ್ಲಿಯ ನೆರಳಿನ ಮರಗಳನ್ನು ಕೆಡವಿ ತೋಟಗಳಿಗೆ ದೊಡ್ಡ ಹೊಡೆತ ಕೊಟ್ಟಿತ್ತು. 2025ರಲ್ಲಿ ಅರಕು ಭಾಗದಲ್ಲಿ ಕಾಫಿಯ ಕಾಯಿಕೊರಕ ಕೀಟ ಕಾಣಿಸಿಕೊಂಡಿತು. ಅಲ್ಲಿಯವರಿಗೆ ಇದು ಹೊಸ ಶತ್ರು. ಕೊಡಗು, ಚಿಕ್ಕಮಗಳೂರಿನವರಿಗೆ 1990ರ ದಶಕದಿಂದ ಪರಿಚಿತ. ಉದುರಿದ ಕಾಯಿಯನ್ನು ಹೆಕ್ಕುವುದು, ಗಿಡದಲ್ಲಿ ಹಣ್ಣು ಉಳಿಸದೆ ಕೊಯ್ಯುವುದು, ಮೋಸದ ಬಲೆ ಕಟ್ಟುವುದು, ಇದನ್ನೆಲ್ಲ ಮಾಡಿ ಅನುಭವವಿರುವ ಬಂಧುಗಳು ನಮ್ಮಲ್ಲಿ ಎಷ್ಟು ಮಂದಿಗಿಲ್ಲ? ಕಾಫಿ ಮಂಡಳಿ ತನ್ನ ಕೆಲಸ ಮಾಡುತ್ತದೆ. ಮಲೆನಾಡಿನ ಇಬ್ಬರು ಹಿರಿಯ ಬೆಳೆಗಾರರನ್ನು ಕರೆಸಿ ಅರಕಿನಲ್ಲಿ ಎರಡು ದಿನ ಕೂರಿಸುವುದು ನಮ್ಮ ಸಂಘಕ್ಕೆ ಕಷ್ಟವಲ್ಲ.

ಋತುವಿಗೆ ತಕ್ಕ ಅಡುಗೆ

ವರ್ಷವಿಡೀ ಒಂದೇ ಪಲ್ಯ, ಒಂದೇ ಕೂಟು ಎಂಬ ನಮ್ಮ ಪಟ್ಟಿಯೂ ಬದಲಾಗಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ರವೆಯಿಂದ ಇಡ್ಲಿ ಮಾಡಿದೆವು ಎಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತಾರೆ. ಸಿಕ್ಕಿದ್ದಕ್ಕೆ ತಕ್ಕಂತೆ ಅಡುಗೆ ಮಾಡುವುದು ನಮ್ಮ ಕಸುಬಿಗೆ ಹೊಸದಲ್ಲ.

ಈ ಸೀಮೆಯಲ್ಲಿ ಋತುಗಳಿಗೆ ಕೊರತೆಯಿಲ್ಲ. ಬೇಸಿಗೆಗೆ ನೂಜಿವೀಡು ಮಾವು, ಮಳೆ ಶುರುವಾಗುತ್ತಲೇ ಸಿಂಹಾಚಲದ ಅನಾನಸ್. ಮೆಣಸ್ಕಾಯಿಗೆ, ಕೇಸರಿಭಾತಿಗೆ ಬೇರೇನು ಬೇಕು? ಮಂಗಳಗಿರಿ ಬಳಿ ಪೆದವಡ್ಲಪೂಡಿಯಲ್ಲಿ ಕರಿಬೇವನ್ನೇ ಬೆಳೆಯಾಗಿ ಬೆಳೆಯುತ್ತಾರೆ. ದಸರೆಗೆ ಇಂದ್ರಕೀಲಾದ್ರಿಯ ದುರ್ಗೆಯ ದರ್ಶನಕ್ಕೆ ಬರುವ ಜನಸಂದಣಿ ನಮ್ಮ ದೊಡ್ಡ ವ್ಯಾಪಾರ. ಅದಾದ ಮೇಲೆ ಕಾರ್ತಿಕ ಮಾಸ. ಮಾಂಸ ಬಿಡುವ ಮನೆಗಳೆಷ್ಟೋ, ನೆಲ್ಲಿ ಮರದಡಿಯ ವನಭೋಜನಕ್ಕೆ ಕೇಟರಿಂಗ್ ಆರ್ಡರುಗಳೆಷ್ಟೋ. ಆ ಊಟಕ್ಕೆ ಸುವರ್ಣಗಡ್ಡೆ, ಬಸಳೆ ಸೇರಿದ ಕಂದ ಬಚ್ಚಲಿ ಪಲ್ಯ ಕೇಳುತ್ತಾರೆ. ಬಸಳೆ ನಮಗೂ ಪ್ರಾಣ. ಸುವರ್ಣಗಡ್ಡೆ ಎಂಟು, ಒಂಬತ್ತು ತಿಂಗಳ ಬೆಳೆ. ಕಾರ್ತಿಕದ ಆರ್ಡರನ್ನು ಯುಗಾದಿಯ ಹೊತ್ತಿಗೇ ಅಂದಾಜು ಮಾಡಿ ರೈತನಿಗೆ ಹೇಳಿದರೆ ಮಾತ್ರ ಅದು ಹೊಲದಿಂದ ನೇರ ಬಂದೀತು. ನಮ್ಮ ಪಾಲಿಗೆ ಇದೇ ಬಾಳೆ ಮುಹೂರ್ತ.

ನನ್ನದೇ ಒಂದು ತಪ್ಪು

ಈ ಮಾತೆಲ್ಲ ಹೇಳಲು ಸುಲಭ, ನಡೆಸಲು ಕಷ್ಟ ಎಂಬುದು ನನಗೆ ಗೊತ್ತು. ಕೆಲವು ವರ್ಷಗಳ ಹಿಂದೆ ಹತ್ತಿರದ ಹಳ್ಳಿಯ ರೈತರೊಬ್ಬರಿಗೆ, ನೀವು ಬದನೆ ಬೆಳೆಯಿರಿ, ವಾರಕ್ಕೆ ಮೂರು ಸಲ ನಾನು ಕೊಳ್ಳುತ್ತೇನೆ ಎಂದು ಬಾಯಿಮಾತಿನಲ್ಲಿ ಹೇಳಿದ್ದೆ. ಕೊಯ್ಲಿನ ಸಮಯಕ್ಕೆ ಮಂಡಿಯಲ್ಲಿ ದರ ಅರ್ಧಕ್ಕೆ ಇಳಿಯಿತು. ನಮ್ಮ ಮ್ಯಾನೇಜರ್ ಮಂಡಿಯಿಂದಲೇ ತರಿಸಿದ, ನಾನೂ ಸುಮ್ಮನಿದ್ದೆ. ಬೆಳಿಗ್ಗೆ ಆ ರೈತರು ಹಿಂಬಾಗಿಲಿನಲ್ಲಿ ಐದು ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಜಗಳವಾಡಲಿಲ್ಲ. ‘ಮಾಟ ಮೀದೇ ಕದಂಡೀ’ ಎಂದರು, ಮಾತು ನಿಮ್ಮದೇ ಅಲ್ಲವೇ ಎಂದು. ಆ ದಿನದ ಬುಟ್ಟಿಗಳನ್ನು ಕೊಂಡೆ. ಮರುವಾರದಿಂದ ಅವರು ಬರಲಿಲ್ಲ. ಆ ವರ್ಷ ನಾನು ಉಳಿಸಿದ ಹಣ ಎಷ್ಟೆಂದು ನೆನಪಿಲ್ಲ, ಆ ಮಾತು ಮಾತ್ರ ನೆನಪಿದೆ.

ಬೆಲೆ ಏರಿದಾಗ ರೈತ ಹೊರಗೆ ಮಾರುವುದಿಲ್ಲವೇ ಎಂದು ಸದಸ್ಯರು ಕೇಳಬಹುದು. ಮಾರುತ್ತಾನೆ. ಹಾಗಾಗಿಯೇ ಒಬ್ಬ ಹೋಟೆಲಿನವನು, ಒಬ್ಬ ರೈತ ಎಂಬ ಬಾಯಿಮಾತಿನ ವ್ಯವಹಾರ ಬೇಡ. ರೈತರ ಉತ್ಪಾದಕ ಸಂಸ್ಥೆಯ ಜತೆ ಸಂಘವೇ ಕಾಗದದಲ್ಲಿ ಒಪ್ಪಂದ ಮಾಡಿಕೊಳ್ಳಲಿ. ನಮ್ಮ ಬೇಡಿಕೆಯ ಪೂರ್ತಿಯನ್ನಲ್ಲ, ಮೊದಲ ವರ್ಷ ಮೂರನೇ ಒಂದು ಭಾಗವನ್ನಷ್ಟೇ ಹೀಗೆ ಕೊಳ್ಳೋಣ. ಉಳಿದದ್ದಕ್ಕೆ ಮಂಡಿ ಇದ್ದೇ ಇದೆ. 1999ರಲ್ಲಿ ಆರಂಭವಾದ ರೈತು ಬಜಾರುಗಳು ಮನೆಗೆ ಎರಡು ಕಿಲೋ ಕೊಳ್ಳುವವರನ್ನು ರೈತನ ಹತ್ತಿರ ತಂದವು. ಸಗಟಿನಲ್ಲಿ ಕೊಳ್ಳುವ ನಮ್ಮಂಥವರಿಗೆ ಅಂಥ ದಾರಿಯನ್ನು ನಾವೇ ಮಾಡಿಕೊಳ್ಳಬೇಕು.

ಸಂಘದ ಮುಂದೆ ಕೆಲವು ಸಲಹೆಗಳು

ಒಂದು, ಪ್ರತಿ ಸದಸ್ಯರಿಂದ ಉದ್ದು, ಬೆಲ್ಲ, ಮೆಣಸು, ಕಾಫಿ ಮತ್ತು ನಾಲ್ಕು ತರಕಾರಿಗಳ ತಿಂಗಳವಾರು ಬೇಡಿಕೆ ಪಟ್ಟಿ ತರಿಸಿಕೊಳ್ಳಬೇಕು. ಈ ಪಟ್ಟಿಯಿಲ್ಲದೆ ಯಾವ ಮಾತುಕತೆಯೂ ಸಾಧ್ಯವಿಲ್ಲ.

ಎರಡು, ವಿಜಯವಾಡದವರು ಘಂಟಸಾಲ, ಗರಿಕಪಾಡು ಕೃಷಿ ವಿಜ್ಞಾನ ಕೇಂದ್ರಗಳನ್ನೂ, ವಿಶಾಖಪಟ್ಟಣದವರು ಅನಕಾಪಲ್ಲಿ ಸಂಶೋಧನಾ ಕೇಂದ್ರವನ್ನೂ ಸಂಪರ್ಕಿಸಿ ವರ್ಷಕ್ಕೆ ಎರಡು ತರಬೇತಿ ಶಿಬಿರಗಳಿಗೆ ಊಟದ ಖರ್ಚು ವಹಿಸಬೇಕು. ಆ ಶಿಬಿರದಲ್ಲಿ ನಮ್ಮ ಭಟ್ಟರೂ ಕೂರಬೇಕು.

ಮೂರು, ತೂಕವಾದ ಏಳು ದಿನದೊಳಗೆ ಹಣ ಸಂದಾಯವಾಗಬೇಕು. ದಿನಸಿ ಅಂಗಡಿಯವರ ಜತೆ ತಿಂಗಳ ಉದ್ರಿ ನಡೆಯುತ್ತದೆ, ರೈತನ ಜತೆ ಅದು ಬೇಡ. ಮುಂದಿನ ಬೆಳೆಯ ಬೀಜಕ್ಕೂ ಕೂಲಿಗೂ ಅವನು ಕಾಯುತ್ತಿರುತ್ತಾನೆ.

ಪರ ಊರಿನಿಂದ ಬಂದ ನಮ್ಮನ್ನು ಈ ಎರಡು ಊರುಗಳು ಸಾಕಿವೆ. ಇಲ್ಲಿಯ ನೆಲದ ಅಕ್ಕಿ, ಉದ್ದು ತಿಂದೇ ನಮ್ಮ ಮಕ್ಕಳು ಓದಿ ದೊಡ್ಡವರಾದರು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿ. ಕನಿಷ್ಠ ಹತ್ತು ಮಂದಿ ಸದಸ್ಯರು ಮುಂದೆ ಬಂದರೆ ಈ ವರ್ಷದ ಉದ್ದಿನ ಬಿತ್ತನೆಗೆ ಮೊದಲೇ ಆರಂಭಿಸಬಹುದು. ಹನ್ನೊಂದನೆಯವನಾಗಿ ಅಲ್ಲ, ಮೊದಲನೆಯವನಾಗಿ ನನ್ನ ಹೆಸರು ಬರೆದುಕೊಳ್ಳಿ.