ಅನ್ಯಭಾಷೆ ಮತ್ತು ಸ್ವಭಾಷೆ: ಪೆಂಟಕೋಸ್ಟಲ್ ಪಂಥ ಹಾಗೂ ಕನ್ನಡ ಅಧ್ಯಯನದ ಹೊಣೆ

ಕನ್ನಡದಲ್ಲಿ ಕ್ರೈಸ್ತ ಸಾಹಿತ್ಯದ ಅಧ್ಯಯನವೆಂದರೆ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಮಿಶನರಿಗಳ ಅಧ್ಯಯನವೆಂದೇ ಅರ್ಥವಾಗಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್, 1831ರ ವೇಳೆಗೆ ಪೂರ್ಣಗೊಂಡ ಕನ್ನಡ ಬೈಬಲ್, 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಶನ್, 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಇವು ಆ ಅಧ್ಯಯನದ ಪರಿಚಿತ ನಿಲುದಾಣಗಳು. ಇವುಗಳ ಮಹತ್ವವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಿಘಂಟಿನೊಂದಿಗೆ ಕನ್ನಡ ಕ್ರೈಸ್ತರ ನುಡಿಯ ಚರಿತ್ರೆಯೂ ಮುಗಿದುಹೋಯಿತೆಂಬಂತೆ ವರ್ತಿಸುವುದು ಸರಿಯಲ್ಲ. ಮಿಶನರಿ ಕನ್ನಡಕ್ಕೆ ಮಾಡಿದ್ದೇನು ಎಂಬ ಪ್ರಶ್ನೆಯನ್ನು ನೂರು ಬಾರಿ ಕೇಳಿರುವ ವಿದ್ವತ್ತು, ಕನ್ನಡ ಕ್ರೈಸ್ತರು ತಮ್ಮ ಕನ್ನಡವನ್ನು ಏನು ಮಾಡಿಕೊಂಡಿದ್ದಾರೆ ಎಂಬ ಪ್ರಶ್ನೆಯನ್ನು ವಿರಳವಾಗಿ ಕೇಳಿದೆ.

ಈ ಕೊರತೆಯನ್ನು ಅರಿಯಲು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಿಂದ ಬಹುದೂರ ಹೋಗಬೇಕಾಗಿಲ್ಲ. ವೃಷಭಾವತಿಯ ದಡದಲ್ಲಿರುವ ಹಳೆಯ ಊರಾದ ಕೆಂಗೇರಿ 2007ರಲ್ಲಿ ಬೆಂಗಳೂರು ಮಹಾನಗರದ ಪಾಲಿಕೆಗೆ ಸೇರಿತು. 2021ರಲ್ಲಿ ಮೆಟ್ರೊ ಅಲ್ಲಿಗೆ ತಲುಪಿತು. ಉಪನಗರದ ಬಡಾವಣೆಗಳಿಗೂ ಕುಂಬಳಗೋಡು, ಬಿಡದಿಗಳ ಕಾರ್ಖಾನೆಗಳಿಗೂ ನಾನಾ ಭಾಷೆಗಳ ಜನರು ಬಂದು ನೆಲೆಸಿದ್ದಾರೆ. ಇಂತಹ ಬಡಾವಣೆಗಳಲ್ಲಿ ಭಾನುವಾರ ಬೆಳಗ್ಗೆ ಅಂಗಡಿಗಳ ಮೇಲಿನ ಮಹಡಿಯಲ್ಲಿ, ಬಾಡಿಗೆಯ ಸಭಾಂಗಣದಲ್ಲಿ, ಕೆಲವೊಮ್ಮೆ ಮನೆಯ ಪಡಸಾಲೆಯಲ್ಲಿ ಸೇರುವ ಪ್ರಾರ್ಥನಾ ಸಭೆಗಳಿಗೆ ಗೋಪುರವಿಲ್ಲ, ಗಂಟೆಯಿಲ್ಲ. ಅಲ್ಲಿ ಚಪ್ಪಾಳೆ, ತಮಟೆ, ಕೀಬೋರ್ಡುಗಳ ನಡುವೆ ಕನ್ನಡವೂ ಇದೆ. ಆ ಕನ್ನಡ ಯಾವುದು, ಎಲ್ಲಿಂದ ಬಂದದ್ದು ಎಂಬುದನ್ನು ತಿಳಿಯಲು ಈ ಪಂಥದ ಚರಿತ್ರೆಯನ್ನು ಸ್ಥೂಲವಾಗಿಯಾದರೂ ನೋಡಬೇಕಾಗುತ್ತದೆ.

ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದಾಗ ಅವರು ಬೇರೆ ಬೇರೆ ಭಾಷೆಗಳಲ್ಲಿ ನುಡಿಯತೊಡಗಿದರೆಂದೂ, ನೆರೆದಿದ್ದ ನಾನಾ ದೇಶದವರು ಅವರವರ ಭಾಷೆಯಲ್ಲಿಯೇ ಅದನ್ನು ಕೇಳಿದರೆಂದೂ ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ತಿಳಿಸುತ್ತದೆ. ಕನ್ನಡ ಬೈಬಲು ‘ಪಂಚಾಶತ್ತಮ’ ಎಂದು ಕರೆದ ಆ ಹಬ್ಬದ ದಿನದಿಂದಲೇ ಪಂಥಕ್ಕೆ ಹೆಸರು ಬಂದಿದೆ. ಆ ಅನುಭವ ಮೊದಲ ಶತಮಾನಕ್ಕೆ ಮುಗಿಯಲಿಲ್ಲ, ಇಂದಿನ ವಿಶ್ವಾಸಿಗೂ ದೊರೆಯಬಲ್ಲದು ಎಂಬುದು ಈ ಪಂಥದ ತಿರುಳು. ವರಗಳ ಕಾಲ ಅಪೊಸ್ತಲರೊಂದಿಗೆ ಕೊನೆಗೊಂಡಿತೆಂದು ವಾದಿಸಿದ ಪ್ರಾಟೆಸ್ಟೆಂಟ್ ದೇವತಾಶಾಸ್ತ್ರಜ್ಞರಿಗೆ ಇದು ನೇರವಾದ ಉತ್ತರ. ಶಾಸ್ತ್ರೀಯ ಪೆಂಟಕೋಸ್ಟಲ್ ಬೋಧನೆಯ ಪ್ರಕಾರ ಆತ್ಮದ ದೀಕ್ಷಾಸ್ನಾನವು ಮನಃಪರಿವರ್ತನೆಯಿಂದ ಬೇರೆಯಾದ, ಅದರ ನಂತರದ ಅನುಭವ. ಅನ್ಯಭಾಷೆಯಲ್ಲಿ ನುಡಿಯುವುದು ಅದರ ಮೊದಲ ಕುರುಹು. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಡ್ಯುಕೇನ್ ವಿಶ್ವವಿದ್ಯಾಲಯದವರ ನಡುವೆ ಆರಂಭವಾಗಿ 1972ರ ಹೊತ್ತಿಗೆ ಮುಂಬಯಿಗೆ ಬಂದ ಕ್ಯಾಥೋಲಿಕ್ ವರದಾನಿಕ ನವೀಕರಣವು ಇದನ್ನು ಹಾಗೆಯೇ ಒಪ್ಪಲಿಲ್ಲ. ಜ್ಞಾನಸ್ನಾನ, ದೃಢೀಕರಣ ಸಂಸ್ಕಾರಗಳಲ್ಲಿ ಈಗಾಗಲೇ ದೊರೆತ ಕೃಪೆಯೇ ಮತ್ತೆ ಚಿಮ್ಮುವುದೆಂದು ಅದು ವಿವರಿಸಿತು. ಮೊದಲನೆಯದು ಹೊಸ ಸಭೆಗಳನ್ನು ಹುಟ್ಟಿಸಿದರೆ, ಎರಡನೆಯದು ಹಳೆಯ ಸಭೆಯೊಳಗೆ ಉಳಿಯಿತು.

ಈ ಪಂಥವನ್ನು ಅಮೆರಿಕದಿಂದ ಆಮದಾದ ಸರಕೆಂದು ಬದಿಗಿಡುವುದು ರೂಢಿ. 1906ರಲ್ಲಿ ಲಾಸ್ ಏಂಜಲಿಸ್ಸಿನ ಅಜೂಸಾ ಬೀದಿಯಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ದಂಪತಿಗಳ ಮಗನಾದ ವಿಲಿಯಂ ಸೀಮೋರ್ ನಡೆಸಿದ ಸಭೆಗಳಿಂದ ಅದಕ್ಕೆ ಜಾಗತಿಕ ಚಾಲನೆ ದೊರೆಯಿತೆಂಬುದು ನಿಜ. ಆದರೆ ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು, 1860ರಲ್ಲಿ, ತಿರುನೆಲ್ವೇಲಿ ಸೀಮೆಯಲ್ಲಿ ಜಾನ್ ಕ್ರಿಶ್ಚಿಯನ್ ಅರುಳಪ್ಪನ್ ಎಂಬ ತಮಿಳು ಉಪದೇಶಕರ ಸುತ್ತ ನಡೆದ ಉಜ್ಜೀವನದಲ್ಲಿ ಅನ್ಯಭಾಷೆ, ಪ್ರವಾದನೆಗಳು ವರದಿಯಾಗಿದ್ದವು. 1905ರ ಜೂನ್ ತಿಂಗಳಲ್ಲಿ ಪುಣೆಯ ಬಳಿ ಕೇಡಗಾಂವಿನ ಮುಕ್ತಿ ಸದನದಲ್ಲಿ ವಿಧವೆಯರ, ಅನಾಥ ಬಾಲಕಿಯರ ನಡುವೆ ಇಂಥದೇ ಉಜ್ಜೀವನ ಕಾಣಿಸಿಕೊಂಡಿತು. ಆ ಸದನದ ಸ್ಥಾಪಕಿ ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಬಳಿಯ ಮಾಳ. ಅವರೇ 1910ರ ದಶಕದಲ್ಲಿ ಗುಲ್ಬರ್ಗದಲ್ಲಿ ಶಾಲೆಯೊಂದನ್ನು ತೆರೆದರು. ಮುಕ್ತಿಯ ಸಹಾಯಕಿ ಮಿನ್ನಿ ಅಬ್ರಾಮ್ಸ್ ಬರೆದ ಪುಸ್ತಿಕೆಯು ಚಿಲಿ ದೇಶವನ್ನು ತಲುಪಿ, 1909ರ ಅಲ್ಲಿನ ಪೆಂಟಕೋಸ್ಟಲ್ ಚಳವಳಿಗೆ ಪ್ರೇರಣೆಯಾಯಿತು. ಅಂದಮೇಲೆ ಭಾರತವು ಈ ಚರಿತ್ರೆಯಲ್ಲಿ ಕೊಂಡದ್ದಷ್ಟೇ ಅಲ್ಲ, ಕೊಟ್ಟದ್ದೂ ಉಂಟು. ಕನ್ನಡ ನೆಲದಲ್ಲಿ ಹುಟ್ಟಿದ ರಮಾಬಾಯಿಯವರನ್ನು ಸ್ತ್ರೀ ಸುಧಾರಕಿಯೆಂದು ಓದುವ ಕನ್ನಡ ವಿಮರ್ಶೆ, ಅವರ ಬದುಕಿನ ಈ ಅಧ್ಯಾಯವನ್ನು ಮುಜುಗರದಿಂದಲೋ ಎಂಬಂತೆ ಬಿಟ್ಟುಬಿಡುತ್ತದೆ.

ರಮಾಬಾಯಿಯವರ ನಿಲುವು ಈ ಸಂದರ್ಭದಲ್ಲಿ ಗಮನಾರ್ಹವಾದುದು. ತಾವು ಅನ್ಯಭಾಷೆಯಲ್ಲಿ ನುಡಿಯದಿದ್ದರೂ ತಮ್ಮ ಬಾಲಕಿಯರ ಅನುಭವವನ್ನು ಅವರು ಸಮರ್ಥಿಸಿದರು. ಆದರೆ ಅದೇ ಕಡ್ಡಾಯದ ಕುರುಹೆಂದು ಸಾಧಿಸಲಿಲ್ಲ. ಅದೇ ಕಾಲದಲ್ಲಿ ಅಜೂಸಾದಿಂದ ಹೊರಟ ಆಲ್ಫ್ರೆಡ್ ಗಾರ್ ತಮಗೆ ಬಂಗಾಳಿ ಭಾಷೆ ಆತ್ಮದಿಂದಲೇ ದೊರೆತಿದೆಯೆಂದು ನಂಬಿ ಕಲ್ಕತ್ತೆಗೆ ಬಂದರು. ಕಲ್ಕತ್ತೆಯ ಜನಕ್ಕೆ ಆ ಮಾತು ಬಂಗಾಳಿಯಾಗಿ ಕೇಳಿಸಲಿಲ್ಲ. ಜನರ ಭಾಷೆ ವರವಾಗಿ ಬರುವುದಿಲ್ಲ, ಕಲಿತೇ ಬರಬೇಕು ಎಂಬುದನ್ನು ಚಳವಳಿಯು ಭಾರತದ ನೆಲದಲ್ಲಿ ಹೀಗೆ ಕಂಡುಕೊಂಡಿತು. ಅನ್ಯಭಾಷೆಯು ದೇವರೊಡನೆ ಆಡುವ ಪ್ರಾರ್ಥನೆಯ ನುಡಿ, ಬೋಧನೆಗೆ ಸ್ವಭಾಷೆಯೇ ಬೇಕು ಎಂಬ ತಿಳಿವಳಿಕೆ ಕ್ರಮೇಣ ಬೇರೂರಿತು.

ಆ ಸ್ವಭಾಷೆ ಕನ್ನಡ ನಾಡಿನಲ್ಲಿ ಕನ್ನಡವಾಗಬೇಕಿತ್ತು. ಚರಿತ್ರೆ ಹಾಗೆ ಸಾಗಲಿಲ್ಲ. 1909ರ ಸುಮಾರಿಗೆ ಜಾರ್ಜ್ ಬರ್ಗ್ ಬೆಂಗಳೂರಿನಲ್ಲಿ ನೆಲೆಸಿ ಅಲ್ಲಿಂದ ತಿರುವಾಂಕೂರಿನ ಸಭೆಗಳಿಗೆ ಹೋಗಿಬರತೊಡಗಿದರು. 1913ರಲ್ಲಿ ಬೆಂಗಳೂರಿಗೆ ಬಂದ ರಾಬರ್ಟ್ ಕುಕ್ ದೊಡ್ಡಬಳ್ಳಾಪುರದಲ್ಲಿ ಕೆಲಸ ಆರಂಭಿಸಿದರು. ಅವರ ಶ್ರಮ ಫಲಿಸಿದ್ದು ಮಾತ್ರ ಮಲಯಾಳ ಸೀಮೆಯಲ್ಲಿ. ಕೊನೆಗೆ ಅವರು ಅಲ್ಲಿಯೇ ನೆಲೆಗೊಂಡರು. ಕೆ.ಇ. ಅಬ್ರಹಾಮರಂತಹ ಸ್ಥಳೀಯ ನಾಯಕರು ಕೆಲಕಾಲ ಕುಕ್ ಅವರೊಡನೆ ದುಡಿದು, ಬಳಿಕ ವಿದೇಶೀಯರ ಹಿಡಿತವನ್ನು ಪ್ರಶ್ನಿಸಿ ಸ್ವತಂತ್ರವಾದ ಇಂಡಿಯನ್ ಪೆಂಟಕೋಸ್ಟಲ್ ಸಭೆಯನ್ನು ಕಟ್ಟಿದರು. ಬೆಂಗಳೂರು ಹೀಗೆ ದಕ್ಷಿಣ ಭಾರತದ ಪೆಂಟಕೋಸ್ಟಲ್ ಚರಿತ್ರೆಯ ಬಾಗಿಲಾಯಿತೇ ಹೊರತು ಮನೆಯಾಗಲಿಲ್ಲ. ದೊಡ್ಡಬಳ್ಳಾಪುರದಿಂದ ಹೊರಟದ್ದು ಮಲಯಾಳವಾಗಿ, ತಮಿಳಾಗಿ ಬೆಳೆದು, ದಶಕಗಳ ನಂತರ ವಲಸೆಯ ಜೊತೆಯಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಮರಳಿತು.

ಇದರ ಗುರುತು ಸಭೆಗಳ ಪದಸಂಪತ್ತಿನಲ್ಲಿಯೇ ಇದೆ. ಕನ್ನಡ ಬೈಬಲಿನ ಹಳೆಯ ಅನುವಾದವು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ‘ವಾಣಿ’ ಎಂಬ ಪದವನ್ನು ಬಳಸಿತ್ತು. ಸರಸ್ವತಿಯ ಹೆಸರೂ ಆಕಾಶವಾಣಿಯ ಕಲ್ಪನೆಯೂ ಬೆರೆತಿರುವ ಆ ಪದವನ್ನು ಬಿಟ್ಟು ಸಭೆಗಳು ‘ಅನ್ಯಭಾಷೆ’ಯನ್ನು ಹಿಡಿದವು. ತಮಿಳು, ಮಲಯಾಳ ಸಭೆಗಳಲ್ಲಿ ಬಳಕೆಯಲ್ಲಿರುವುದೂ ಇದೇ ರೂಪ. ಬೈಬಲಿನ ‘ಪವಿತ್ರಾತ್ಮ’ನ ಪಕ್ಕದಲ್ಲಿ ‘ಪರಿಶುದ್ಧಾತ್ಮ’ನೂ ಕೇಳಿಬರುತ್ತಾನೆ, ಇದು ತೆಲುಗಿನಲ್ಲಿ ರೂಢಿಯಲ್ಲಿರುವ ಪದ. ‘ಅಭಿಷೇಕ’, ‘ಬಿಡುಗಡೆ’, ‘ಸಾಕ್ಷಿ’, ‘ಉಪವಾಸ ಪ್ರಾರ್ಥನೆ’ ಮೊದಲಾದವು ಕನ್ನಡಕ್ಕೆ ಹೊಸವಲ್ಲ. ಆದರೆ ದೇಗುಲದ ಅಭಿಷೇಕಕ್ಕೂ ಸಭೆಯ ಅಭಿಷೇಕಕ್ಕೂ ನಡುವೆ ಪದದ ಅರ್ಥ ಎಷ್ಟು ದೂರ ಸರಿದಿದೆ, ಒಂದೇ ಕೇರಿಯಲ್ಲಿ ಎರಡೂ ಅರ್ಥಗಳು ಹೇಗೆ ಬಾಳುತ್ತಿವೆ ಎಂಬುದು ಯಾವ ಭಾಷಾವಿಜ್ಞಾನಿಯಾದರೂ ಕೈಗೆತ್ತಿಕೊಳ್ಳಬಹುದಾದ ವಿಷಯ.

ಇನ್ನೂ ಮುಖ್ಯವಾದ ಎರಡು ಮೌಖಿಕ ಪ್ರಕಾರಗಳು ಇಲ್ಲಿವೆ. ಒಂದು, ವೇದಿಕೆಯ ಅನುವಾದ. ಬೋಧಕನು ತಮಿಳಿನಲ್ಲೋ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ನುಡಿಯುತ್ತಿದ್ದರೆ ಪಕ್ಕದಲ್ಲಿ ನಿಂತವನು ವಾಕ್ಯವಾಕ್ಯವಾಗಿ ಕನ್ನಡಕ್ಕೆ ತರುತ್ತಾನೆ. ಕೈಯಲ್ಲಿ ಬರಹವಿಲ್ಲ, ಅರ್ಥದ ಜೊತೆಗೆ ಏರಿದ ದನಿಯನ್ನೂ ಅವನು ದಾಟಿಸಬೇಕು. ಭಾಷಾಂತರ ಅಧ್ಯಯನವು ಮುದ್ರಿತ ಕೃತಿಗಳ ಸುತ್ತಲೇ ಸುತ್ತುತ್ತಿರುವಾಗ ಈ ಅನುವಾದವು ಅದರ ಕಣ್ಣಿಗೆ ಬೀಳದಿರುವುದು ಆಶ್ಚರ್ಯವಲ್ಲ. ಎರಡನೆಯದು, ಸಾಕ್ಷಿ. ಕಾಯಿಲೆ, ಸಾಲ, ಗಂಡನ ಕುಡಿತ, ಮಕ್ಕಳಿಲ್ಲದ ಕೊರಗು, ಅನಂತರದ ಬಿಡುಗಡೆ: ಈ ಕ್ರಮದಲ್ಲಿ ಸಾಗುವ ಆತ್ಮಕಥನವನ್ನು ಹೆಚ್ಚಾಗಿ ಹೇಳುವವರು ದುಡಿಯುವ ಹೆಣ್ಣುಮಕ್ಕಳು. ತಮ್ಮ ಬದುಕನ್ನು ಹತ್ತು ಜನರ ಮುಂದೆ ಎದ್ದುನಿಂತು ಹೇಳುವ ಅವಕಾಶ ಅವರಿಗೆ ಬೇರೆಡೆ ಸುಲಭವಾಗಿ ಸಿಗದು. ಜನಪದ ಕಥನಗಳಲ್ಲಿ ಹೆಣ್ಣಿನ ದನಿಯನ್ನು ಹುಡುಕುವ ಸಂಶೋಧನೆ ಈ ಕಥನಕ್ಕೂ ಕಿವಿಗೊಡಬೇಡವೇ?

ಮೈದುಂಬುವ, ನುಡಿ ಕೊಡುವ ಸಂಪ್ರದಾಯಗಳನ್ನು ಕರಾವಳಿಯಿಂದ ಬಯಲುಸೀಮೆಯವರೆಗೆ ಶ್ರದ್ಧೆಯಿಂದ ದಾಖಲಿಸಿರುವ ಕನ್ನಡ ಜಾನಪದವು ಸಭೆಯೊಳಗಿನ ಆವೇಶವನ್ನು ಕಂಡು ಮುಖ ತಿರುಗಿಸುವುದಕ್ಕೆ ಶಾಸ್ತ್ರೀಯ ಕಾರಣಗಳಿಲ್ಲ. ಇವೆರಡನ್ನೂ ಒಂದೇ ಎನ್ನುವುದು ತಪ್ಪು. ಸಭೆಯವರು ಅಂತಹ ಹೋಲಿಕೆಯನ್ನು ಒಪ್ಪುವುದಿಲ್ಲ. ಭೂತ ಬಿಡಿಸುವುದನ್ನೇ ತಮ್ಮ ಸೇವೆಯೆಂದು ತಿಳಿದವರಿಗೆ ಅದು ಅಪಚಾರವೂ ಹೌದು. ಆದರೆ ಒಪ್ಪದಿರುವುದಕ್ಕೆ ಅವರು ಕೊಡುವ ಕಾರಣಗಳೂ ಅಧ್ಯಯನದ ಸಾಮಗ್ರಿಯೇ.

ಇಲ್ಲಿ ಮೂರು ಆಕ್ಷೇಪಗಳು ಏಳಬಹುದು. ಇದು ಕನ್ನಡದ ಚಳವಳಿಯಲ್ಲ, ವಲಸಿಗರದು ಎಂಬುದು ಮೊದಲನೆಯದು. ಬೆಂಗಳೂರು ಕ್ಯಾಥೋಲಿಕ್ ಮಹಾಧರ್ಮಪ್ರಾಂತ್ಯದಲ್ಲಿ ಪೂಜೆಯ ಭಾಷೆಗಾಗಿ ಕನ್ನಡಿಗ ಕ್ರೈಸ್ತರು ದಶಕಗಳ ಕಾಲ ಹೋರಾಡಿದ್ದನ್ನು ಬಲ್ಲವರಿಗೆ ಈ ಪ್ರಶ್ನೆಯ ತೀಕ್ಷ್ಣತೆ ಗೊತ್ತು. ಆದರೆ ಕನ್ನಡವು ಎರಡನೆಯ ದನಿಯಾಗಿ ನಿಂತಿರುವೆಡೆಯನ್ನು ಕನ್ನಡ ವಿಭಾಗವೇ ನೋಡದಿದ್ದರೆ, ಅದು ಮೊದಲ ದನಿಯಾಗಬೇಕೆಂದು ಕೇಳುವ ಹಕ್ಕೂ ಕುಂದುತ್ತದೆ. ಎರಡನೆಯದು, ಸ್ವಸ್ಥತೆಯ ಹೆಸರಿನಲ್ಲಿ ರೋಗಿಗಳು ಔಷಧ ಬಿಡುವ, ಸಮೃದ್ಧಿಯ ಬೋಧನೆಯಲ್ಲಿ ಬಡವರು ಕಾಣಿಕೆಗೆ ಸಾಲ ಮಾಡುವ ಅಪಾಯ. ಈ ಅಪಾಯ ಕಲ್ಪಿತವಲ್ಲ. ವಾಸಿಯಾಗದವರ ಸಾಕ್ಷಿ ವೇದಿಕೆಗೆ ಬರುವುದಿಲ್ಲ ಎಂಬುದನ್ನು ಸಂಶೋಧಕನು ಮರೆಯಬಾರದು. ದಾಖಲಿಸುವುದೆಂದರೆ ಅನುಮೋದಿಸುವುದಲ್ಲ, ಆದರೆ ದಾಖಲೆಯಿಲ್ಲದೆ ವಿಮರ್ಶೆಯೂ ಸಾಧ್ಯವಿಲ್ಲ.

ಮೂರನೆಯದು ಮತಾಂತರದ ವಿವಾದ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಹಾಗೂ ಇತರೆಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ತನಿಖೆಗೆ ನೇಮಕಗೊಂಡ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರಲ್ಲಿ ವರದಿ ಸಲ್ಲಿಸಿತು. 2021ರಲ್ಲಿ ವಿಧಾನಮಂಡಲದ ಸಮಿತಿಯೊಂದು ಚರ್ಚುಗಳ ಸಮೀಕ್ಷೆಗೆ ಸೂಚಿಸಿತು. 2022ರಲ್ಲಿ ಮತಾಂತರವನ್ನು ನಿಯಂತ್ರಿಸುವ ಕಾಯಿದೆ ಬಂದಿತು. ಅದನ್ನು ಹಿಂಪಡೆಯಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಬಲವಂತ, ಆಮಿಷಗಳ ಪ್ರಶ್ನೆ ನ್ಯಾಯಾಲಯದ ಮುಂದೆ ಇತ್ಯರ್ಥವಾಗಬೇಕಾದದ್ದು; ಅದು ಸಂಶೋಧಕನ ಅಧಿಕಾರಕ್ಕೆ ಸೇರಿದ್ದಲ್ಲ. ಆದರೆ ಅದರ ಪರಿಣಾಮ ಅವನನ್ನು ತಟ್ಟದಿರದು. ಟಿಪ್ಪಣಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತವನನ್ನು ಸಭೆಯು ಸಮೀಕ್ಷಕನೆಂದು ಶಂಕಿಸಿದರೆ ಅದರಲ್ಲಿ ತಪ್ಪೇನಿಲ್ಲ. ಆದುದರಿಂದ ಹೆಸರು, ವಿಳಾಸ, ಜಾತಿ, ಹಿಂದಿನ ಮತಗಳ ಪಟ್ಟಿ ಮಾಡುವುದು ಇಂತಹ ಅಧ್ಯಯನದ ಕೆಲಸವಾಗಕೂಡದು. ಹಾಡು, ಸಾಕ್ಷಿ, ಪ್ರಾರ್ಥನೆಗಳ ನುಡಿಯನ್ನು, ಹೇಳಿದವರ ಒಪ್ಪಿಗೆ ಪಡೆದು, ಅವರ ಗುರುತು ಬಯಲಾಗದಂತೆ ಸಂಗ್ರಹಿಸುವುದಷ್ಟೇ ಅದರ ಕೆಲಸ. ಹೇಳಿದವರು ಬೇಡವೆಂದಾಗ ಅಳಿಸಿಹಾಕುವ ನಿಯಮವೂ ಅದರೊಂದಿಗಿರಬೇಕು.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಒಂದು ತಲೆಮಾರಿನ ಹಾಡುಗಳು ಕೈಬರಹದ ಪುಸ್ತಕಗಳಲ್ಲಿವೆ; ಬೋಧನೆಗಳು ಕ್ಯಾಸೆಟ್ಟುಗಳಲ್ಲಿವೆ. ಕ್ಯಾಸೆಟ್ಟಿನ ಸುರುಳಿ ತೇವಕ್ಕೂ ಬಿಸಿಲಿಗೂ ಕೆಡುತ್ತದೆ. ಬಾಡಿಗೆ ಏರಿದಾಗ ಸಭೆ ಮನೆ ಬದಲಿಸುತ್ತದೆ, ಬದಲಿಸುವಾಗ ಹಳೆಯ ಪೆಟ್ಟಿಗೆ ಹಿಂದೆ ಉಳಿಯುತ್ತದೆ. ಗ್ರಂಥಾಲಯವನ್ನೂ ಮುದ್ರಣಾಲಯವನ್ನೂ ಕಟ್ಟಿದ ಬಾಸೆಲ್ ಮಿಶನ್ನಿನಂತೆ ಈ ಸಭೆಗಳು ದಾಖಲೆಗಳನ್ನು ಕೂಡಿಡುವುದಿಲ್ಲ. ಕರ್ತನ ಬರೋಣ ಸಮೀಪಿಸಿದೆಯೆಂದು ನಂಬಿದವರು ಗತವನ್ನು ಕಾಪಿಡಲು ಆತುರಪಡಬೇಕಾಗಿಯೂ ಇಲ್ಲ. ಆತುರಪಡಬೇಕಾದವರು ವಿಶ್ವವಿದ್ಯಾಲಯದವರು. ಕೆಂಗೇರಿ, ವಿಜಯನಗರ, ರಾಜಾಜಿನಗರಗಳಿಂದ ಕನ್ನಡ ಎಂ.ಎ. ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಈ ಸಭೆಗಳ ಮಕ್ಕಳೂ ಇದ್ದಾರು. ತಮ್ಮ ತಾಯಿಯ ಸಾಕ್ಷಿಯೂ ಸಂಶೋಧನೆಗೆ ವಸ್ತುವಾಗಬಹುದೆಂದು ಅವರಿಗೆ ಹೇಳುವವರಿಲ್ಲ.

ಸಭೆಗಳ ಮೇಲೂ ಒಂದು ಹೊಣೆಯಿದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಕೇಳಿದರೆಂಬ ಕಥನವನ್ನೇ ಮೂಲವಾಗಿ ಉಳ್ಳ ಪಂಥವು, ಕನ್ನಡ ನಾಡಿನಲ್ಲಿ ಕನ್ನಡವನ್ನು ಭಾಷಾಂತರಕಾರನ ಪಾಲಿಗಷ್ಟೇ ಬಿಟ್ಟರೆ ಅದು ತನ್ನ ಮೂಲಕ್ಕೇ ನಿಷ್ಠವಾಗಿ ಉಳಿಯಲಾರದು. ತಮ್ಮ ಸಭೆಯ ಚರಿತ್ರೆಯನ್ನು ಅವರು ಕನ್ನಡದಲ್ಲಿ ಬರೆಯಬೇಕು. ವೇದಿಕೆಯ ಮೊದಲ ಮಾತನ್ನೂ ಕನ್ನಡಕ್ಕೆ ಕೊಡಬೇಕು. ಕನ್ನಡ ವಿಭಾಗಗಳು ಅದಕ್ಕಾಗಿ ಕಾಯದೆ, ಮುಂದಿನ ಶೈಕ್ಷಣಿಕ ವರ್ಷದಲ್ಲಿಯೇ ಕೆಂಗೇರಿಯಂತಹ ಒಂದು ಬಡಾವಣೆಯನ್ನು ಆರಿಸಿಕೊಂಡು ಸಂಗ್ರಹ ಕಾರ್ಯವನ್ನು ಆರಂಭಿಸಬಹುದು. ಇದಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ. ಇಬ್ಬರು ವಿದ್ಯಾರ್ಥಿಗಳು, ಒಂದು ಧ್ವನಿಮುದ್ರಣ ಯಂತ್ರ ಮತ್ತು ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ ಸಾಕು.