ಗೋಡೆಯ ಮೇಲಿನ ಹಿರಿಯರಿಗೆ ಹೆಸರಿರಲಿ

ನಮ್ಮ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆಯ ಪಡಸಾಲೆಯಲ್ಲಿ ಕುಳಿತು ತಲೆಯೆತ್ತಿ ನೋಡಿದರೆ, ಜಂತಿಯ ಕೆಳಗೆ ಸಾಲಾಗಿ ತೂಗುಹಾಕಿದ ಫೋಟೋಗಳು ಕಾಣುತ್ತವೆ. ರುಮಾಲು ಸುತ್ತಿದ ಅಜ್ಜ, ಇಳಕಲ್ಲ ಸೀರೆಯ ಸೆರಗು ಹೊದ್ದ ಅಜ್ಜಿ, ಸ್ಟುಡಿಯೋದ ಪರದೆಯ ಮುಂದೆ ನೆಟ್ಟಗೆ ನಿಂತ ಮದುಮಕ್ಕಳು. ಕೆಲವು ಫೋಟೋಗಳ ಹಿಂದೆ ಗುಬ್ಬಿ ಗೂಡು ಕಟ್ಟಿರುತ್ತದೆ. "ಇವರು ಯಾರು?" ಎಂದು ಮನೆಯ ಹುಡುಗನನ್ನು ಕೇಳಿ ನೋಡಿರಿ. "ನಮ್ಮ ಹಿರಿಯರು" ಎನ್ನುತ್ತಾನೆ. ಹೆಸರು ಕೇಳಿದರೆ ಒಳಗೆ ಮುಖ ಮಾಡಿ ಅಜ್ಜಿಯನ್ನು ಕೂಗುತ್ತಾನೆ.

ಅದೇ ಸಾಲಿನಲ್ಲಿ ಬಸವಣ್ಣನವರ ಪಟವಿರುತ್ತದೆ, ಸೋಲಾಪುರದ ಸಿದ್ಧರಾಮೇಶ್ವರರ ಪಟವಿರುತ್ತದೆ. ಇವರು 12ನೆಯ ಶತಮಾನದವರು. ಛಾಯಾಗ್ರಹಣದ ವಿದ್ಯೆ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಆದ್ದರಿಂದ ಈ ಪಟಗಳು ಚಿತ್ರಕಾರರು ಭಕ್ತಿಯಿಂದ ಕಲ್ಪಿಸಿ ಬರೆದವು. ಆದರೂ ಮಗು ಅವುಗಳನ್ನು ತಟ್ಟನೆ ಗುರುತಿಸುತ್ತದೆ. ನಿಜವಾಗಿ ಕ್ಯಾಮರಾದ ಮುಂದೆ ಕುಳಿತ ಮುತ್ತಜ್ಜನನ್ನು ಮಾತ್ರ ಗುರುತಿಸುವುದಿಲ್ಲ. ಕಾರಣ ಸ್ಪಷ್ಟವಿದೆ. ಶರಣರ ಕಥೆಯನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳುತ್ತೇವೆ. ಮುತ್ತಜ್ಜನ ಕಥೆಯನ್ನು ಹೇಳುವುದಿಲ್ಲ. ಫೋಟೋವನ್ನು ಮೊಳೆಗೆ ಹಾಕಿದ ಮಾತ್ರಕ್ಕೆ ಅದನ್ನು ಮನೆಯಲ್ಲಿ ಇಟ್ಟಂತಾಗುವುದಿಲ್ಲ, ಮನೆಯ ಮಗು ಅದರಲ್ಲಿದ್ದವರ ಹೆಸರು ಹೇಳಬಲ್ಲದಾದರೆ ಮಾತ್ರ ಇಟ್ಟಂತೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಪ್ರತಿಯೊಂದು ಫೋಟೋಕ್ಕೂ ಹೆಸರು, ಊರು, ಇಸವಿ ಇರಲಿ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಅವಶ್ಯ. ಗುಂಪಿನ ಫೋಟೋದಲ್ಲಿ ಹಿಂದೆ ನಿಂತ ಸೊಸೆಯಂದಿರ ಹೆಸರು ಎಲ್ಲಕ್ಕಿಂತ ಮೊದಲು ಮರೆಯಾಗುತ್ತದೆ. ಅವರ ತವರೂರನ್ನೂ ಬರೆಯಿರಿ. ನಮ್ಮ ಬೀಗತನ ಇಂಡಿ, ಆಳಂದ, ಅಫಜಲಪುರ ಕಡೆಗೆ ಹರಡಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ತಾಲೂಕುಗಳು ಆಗಿನ ಮೈಸೂರು ರಾಜ್ಯಕ್ಕೆ ಸೇರಿದವು. ನಾವು ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದವರಾದೆವು. ಗಡಿಯ ಆಚೆ ನಮಗೆ ಯಾರಿದ್ದಾರೆಂಬುದನ್ನು ನಕಾಶೆ ಹೇಳಲಾರದು, ಈ ಫೋಟೋಗಳು ಹೇಳಬಲ್ಲವು. ಪುಣೆ, ಮುಂಬಯಿಗಳಲ್ಲಿ ಬೆಳೆಯುವ ಮೊಮ್ಮಕ್ಕಳು ಓದಲೆಂದು ಕನ್ನಡದ ಜೊತೆಗೆ ಮರಾಠಿಯಲ್ಲಿಯೂ ಬರೆದರೆ ತಪ್ಪಿಲ್ಲ.

"ಮೊಬೈಲಿನಲ್ಲಿಯೇ ಸಾವಿರ ಫೋಟೋಗಳಿರುವಾಗ ಗೋಡೆಯೇಕೆ?" ಎಂದು ಕೆಲವರು ಕೇಳುತ್ತಾರೆ. ಮೊಬೈಲು ಒಬ್ಬರ ಕಿಸೆಯದು, ಗೋಡೆ ಮನೆಮಂದಿಯೆಲ್ಲರದು. ಆದರೂ ಮೊಬೈಲನ್ನು ಒಳ್ಳೆಯ ಕೆಲಸಕ್ಕೆ ಬಳಸಬಹುದು. ಹಳೆಯ ಫೋಟೋಗಳ ಚಿತ್ರ ತೆಗೆದು ದೂರದ ಬಂಧುಗಳಿಗೆ ಕಳಿಸಿ ಇಡಿರಿ. 1993ರ ಸಪ್ಟೆಂಬರ 30ರ ನಸುಕಿನಲ್ಲಿ ಕಿಲ್ಲಾರಿ ಭಾಗದ ಭೂಕಂಪದಲ್ಲಿ ಕಲ್ಲು ಮಣ್ಣಿನ ಮನೆಗಳು ಕುಸಿದು ಸಾವಿರಾರು ಜನ ಮಡಿದರು. ಗೋಡೆ ಬಿದ್ದರೆ ಗೋಡೆಯ ಮೇಲಿನದೂ ಹೋಗುತ್ತದೆ. ಒಂದೇ ಪ್ರತಿ ಒಂದೇ ಕಡೆ ಇರಬಾರದು.

ಇನ್ನು ತೂಗುಹಾಕುವ ರೀತಿ. ಜಂತಿಯ ಕೆಳಗೆ ಬೇಡ. ಹತ್ತು ವರ್ಷದ ಮಗು ನಿಂತು ನೋಡುವಷ್ಟು ಎತ್ತರದಲ್ಲಿರಲಿ. ಬಿಸಿಲು ನೇರವಾಗಿ ಬೀಳುವ ಗೋಡೆ, ಮಳೆಗಾಲದಲ್ಲಿ ತಣಿಯುವ ಗೋಡೆ, ಒಲೆಯ ಹೊಗೆ ತಗಲುವ ಗೋಡೆ ಇವು ಮೂರೂ ಸಲ್ಲವು. ಬಿಸಿಲಿಗೆ ಬಣ್ಣದ ಫೋಟೋ ಬೇಗನೆ ಮಂಕಾಗುತ್ತದೆ. ಫೋಟೋ ಗಾಜಿಗೆ ನೇರವಾಗಿ ತಾಗಿದ್ದರೆ ತೇವಕ್ಕೆ ಅಂಟಿಕೊಂಡು ಹಾಳಾಗುತ್ತದೆ. ನಡುವೆ ಅಂಚಿಗೆ ದಪ್ಪ ಕಾಗದದ ಪಟ್ಟಿ ಇಡಿಸಬೇಕು. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಖದ ಮೇಲೆ ಗೆರೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರಾಗಿ ಬರೆಯಿರಿ. ಮುಂದೆ ಕಾಣುವಂತೆ ಕಟ್ಟಿನ ಕೆಳಗೆ ಒಂದು ಚೀಟಿ ಇರಲಿ.

ಗೋಡೆಯ ಮೇಲೆ ತೀರಿಹೋದವರು ಮಾತ್ರ ಇರಬೇಕೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಮಾಲೆ ಹಾಕಿದ ಫೋಟೋದ ಪಕ್ಕದಲ್ಲಿ ಬದುಕಿದ್ದವರ ಫೋಟೋ ಇಡಲು ಹಿರಿಯರು ಒಪ್ಪುವುದಿಲ್ಲ. ಅವರ ಮನಸ್ಸು ನೋಯಿಸಬೇಕಾಗಿಲ್ಲ. ಬದುಕಿದ್ದವರಿಗೆ ಬೇರೊಂದು ಗೋಡೆ ಕೊಡಿರಿ. ಹೊಲದಲ್ಲಿ ದುಡಿಯುವ ಅಪ್ಪ, ರೊಟ್ಟಿ ಬಡಿಯುವ ಅವ್ವ, ಶಾಲೆಯಲ್ಲಿ ಬಹುಮಾನ ಪಡೆದ ಮಗಳು ಅಲ್ಲಿರಲಿ. ಮನುಷ್ಯನಿಗೆ ಮನೆಯ ಗೋಡೆಯ ಮೇಲೆ ಸ್ಥಳ ಸಿಗಲು ಸಾಯುವತನಕ ಕಾಯಬೇಕೇ?

ವಿದ್ಯಾರ್ಥಿ ಮಿತ್ರರೇ, ದಸರೆಯ ಮುಂಚೆ ಮನೆಗೆ ಸುಣ್ಣ ಬಳಿಯುವಾಗ ಫೋಟೋಗಳನ್ನೆಲ್ಲ ಕೆಳಗಿಳಿಸುತ್ತಾರೆ. ಆ ದಿನ ಒಂದು ಪೆನ್ಸಿಲು ಹಿಡಿದು ಅಜ್ಜಿಯ ಹತ್ತಿರ ಕುಳಿತುಕೊಳ್ಳಿರಿ. ಒಂದೊಂದನ್ನೇ ತೋರಿಸಿ ಕೇಳಿರಿ, ಬರೆದುಕೊಳ್ಳಿರಿ. ಪಾಲಕರೇ, ಆ ಹೊತ್ತಿನಲ್ಲಿ ಮಕ್ಕಳನ್ನು ಬೇರೆ ಕೆಲಸಕ್ಕೆ ಕರೆಯಬೇಡಿರಿ. ಹೆಸರು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಅವರ ನಂತರ ಕೇಳಲು ಯಾರೂ ಇರುವುದಿಲ್ಲ.